ಕೂತವ್ವನ ಗುಡ್ಡ

ನೆಲ್ಲಿದೊಡ್ಡಿಗೂ ಕಗ್ಗಲಿಪಾಳ್ಯಕ್ಕೂ ನಡುವೆ ಹಬ್ಬಿರುವ ಕಾಡುಬೆಟ್ಟಗಳ ಸಾಲಿನಲ್ಲಿ ಕೂತವ್ವನ ಗುಡ್ಡ ಅಂಥ ಎತ್ತರದ್ದೇನಲ್ಲ. ಅದರ ಒಂದು ಮಗ್ಗುಲಿಗೆ ಜೇನುಮಂಟಿ, ಇನ್ನೊಂದು ಮಗ್ಗುಲಿಗೆ ಬಿಳಿಕಲ್ಲು ನಿಂತಿರುವುದರಿಂದ ಅದು ದೊಡ್ಡವರ ಪಂಕ್ತಿಯಲ್ಲಿ ಸಿಕ್ಕಿಕೊಂಡ ಮಗುವಿನ ಹಾಗೆ ಕಾಣುತ್ತದೆ. ಆದರೂ ಬೆಟ್ಟ ಹತ್ತುವ ಹುಚ್ಚು ಹಿಡಿದ ಪಟ್ಟಣದವರು ಬೆನ್ನಿಗೆ ಚೀಲ ಏರಿಸಿಕೊಂಡು ಬರುವುದು ಇಲ್ಲಿಗೇ. ಅರಣ್ಯ ಇಲಾಖೆಯವರು ಬುಡದಲ್ಲಿ ಹಸಿರು ಫಲಕ ನೆಟ್ಟು ಹೆಸರು ಬರೆಸಿದ್ದಾರೆ, ಹೆಸರು ಯಾಕೆ ಬಂತೆಂದು ಬರೆಸಿಲ್ಲ. ಹೀಗಾಗಿ ಬಂದವರೆಲ್ಲ ತಮತಮಗೆ ತೋಚಿದ ಅರ್ಥ ಹಚ್ಚುತ್ತಾರೆ. ನೆತ್ತಿಯ ಬಂಡೆ ಕೂತ ಹೆಂಗಸಿನಂತಿದೆ ಎಂದು ಒಬ್ಬರು ಫೋಟೋ ಹೊಡೆದುಕೊಳ್ಳುತ್ತಾರೆ. ಸೌದೆಗೆ ಬಂದ ಮುದುಕಿಯೊಬ್ಬಳು ಏದುಸಿರು ಬಿಟ್ಟು ಇಲ್ಲಿ ಕೂತಳಂತೆ ಎಂದು ಇನ್ನೊಬ್ಬರು ಗೆಳೆಯರಿಗೆ ಹೇಳಿ ನಗಿಸುತ್ತಾರೆ. ಆ ಬಂಡೆ ಮಗುಚಿಟ್ಟ ಗುಡಾಣದ ಹಾಗಿದೆಯೇ ಹೊರತು ಯಾವ ಹೆಂಗಸಿನ ಹಾಗೂ ಇಲ್ಲ. ಕೂತವಳು ಮುದುಕಿಯೂ ಅಲ್ಲ, ದಣಿವಿಗೆ ಕೂತದ್ದೂ ಅಲ್ಲ. ಎರಡೂ ಊರಿನ ಹಿರಿಯರು ಈ ಮಾತಿನಲ್ಲಿ ಮಾತ್ರ ಒಂದೇ ನಾಲಿಗೆಯವರು.

ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ, ಜೇನುಮಂಟಿಯ ಇಳಿಜಾರು ಬಂದು ಸೇರುವ ತಗ್ಗಿನಲ್ಲಿ, ಒಂದು ಮುದಿ ಅತ್ತಿಮರದ ಬುಡಕ್ಕೆ ಕಲ್ಲಿನ ದೊಣೆಯಿದೆ. ಬಂಡೆಯ ಬಿರುಕಿನಿಂದ ನೀರು ಒಸರಿ ಅದರೊಳಗೆ ನಿಲ್ಲುತ್ತದೆ. ಎರಡು ಎಮ್ಮೆ ಒಟ್ಟಿಗೆ ಮೂತಿ ಇಟ್ಟರೆ ಮೂರನೆಯದಕ್ಕೆ ಜಾಗವಿಲ್ಲ, ಅಷ್ಟೇ ಅದರ ಅಗಲ. ಆದರೆ ಶಿವರಾತ್ರಿ ಕಳೆದು ಸುತ್ತಣ ಕೆರೆಗಳ ತಳ ಬಿರಿದು ನಿಂತಾಗಲೂ ಈ ದೊಣೆ ಬತ್ತಿದ್ದನ್ನು ಕಂಡವರಿಲ್ಲ. ಕಥೆಯೆಲ್ಲ ಈ ದೊಣೆಯದು.

ಹಿಂದೊಂದು ಕಾಲಕ್ಕೆ, ಸರ್ಕಾರದ ಅಳತೆಯ ಸರಪಳಿ ಈ ಬೆಟ್ಟಗಳಿಗೆ ಇನ್ನೂ ಬಾರದೆ ಇದ್ದಾಗ, ಬಡಗಣ ನೆಲ್ಲಿದೊಡ್ಡಿಯವರು ದನ ಕಟ್ಟಿಕೊಂಡು, ತೆಂಕಣ ಕಗ್ಗಲಿಪಾಳ್ಯದವರು ರಾಗಿ ಬಿತ್ತಿಕೊಂಡು ತಮ್ಮ ತಮ್ಮ ಪಾಡಿಗೆ ಇದ್ದರು. ಹೆಣ್ಣು ಕೊಡುವುದು ತರುವುದು ನಡೆದೇ ಇತ್ತು. ಮಳೆ ಕೈಕೊಟ್ಟ ಒಂದು ವರ್ಷ ದೊಣೆಯ ನೀರಿನ ಮೇಲೆ ಇಬ್ಬರ ಕಣ್ಣೂ ಬಿತ್ತು. ಇವರು ದೊಣೆಯ ಬಾಯಿ ಕಡಿದು ತಮ್ಮ ಇಳಿಜಾರಿಗೆ ಕಾಲುವೆ ಎಳೆದರು. ಅವರು ಬಂದು ಅದನ್ನು ಮುಚ್ಚಿ ತಮ್ಮ ಕಡೆಗೆ ಎಳೆದರು. ದಿನ ಬಿಟ್ಟು ದಿನ ಹಂಚಿಕೊಳ್ಳೋಣ ಎಂದು ಮಾಡಿದ ಒಪ್ಪಂದ ಒಂದು ಹುಣ್ಣಿಮೆಯನ್ನೂ ಕಾಣಲಿಲ್ಲ. ನಿಮ್ಮ ದಿನದಲ್ಲಿ ನೀವು ತಳ ಕೆರೆದಿರಿ ಎಂದು ಅವರು, ನೀವು ಕತ್ತಲಲ್ಲಿ ಕದ್ದಿರಿ ಎಂದು ಇವರು. ಕೊನೆಗೆ ಒಬ್ಬನ ತೋಳು ಕಡಿದುಬಿತ್ತು. ಇನ್ನು ಬೀಳುವುದು ತಲೆಯೇ ಎಂದು ಗೊತ್ತಾದ ಮೇಲೆ ಎರಡೂ ಊರಿನ ಯಜಮಾನರು ಕೂಡಿ, ಎಲ್ಲೆ ನಡೆಸಿಬಿಡೋಣ ಎಂದು ತೀರ್ಮಾನಿಸಿದರು.

ಎಲ್ಲೆ ನಡೆಸುವುದೆಂದರೆ ಈಗಿನವರಿಗೆ ತಿಳಿಯದು. ಎರಡೂ ಊರಿನ ಕೆರೆಮಣ್ಣನ್ನು ನೀರು ಹಾಕಿ ಕಲೆಸಿ, ಮಂಕರಿ ತುಂಬಿ, ಒಬ್ಬರ ತಲೆಗೆ ಹೊರಿಸುತ್ತಿದ್ದರು. ಅವರು ಹೊತ್ತು ಮೂಡುವಾಗ ಮೂಡಣದ ಹದ್ದುಗಲ್ಲು ಬೆಟ್ಟದ ನೆತ್ತಿಯಿಂದ ಹೊರಟು, ಹೊತ್ತು ಮುಳುಗುವ ಮೊದಲು ಪಡುವಣದ ಬಿಳಿಕಲ್ಲನ್ನು ಮುಟ್ಟಬೇಕು. ಅವರ ಕಾಲು ಬಿದ್ದ ಗೆರೆಯೇ ಎಲ್ಲೆ. ಹಿಂದೆ ಬರುವವರು ಅಲ್ಲಲ್ಲಿ ಕಲ್ಲು ಒಟ್ಟುತ್ತ, ಮರಕ್ಕೆ ಕಚ್ಚು ಹಾಕುತ್ತ ಬರುತ್ತಿದ್ದರು. ನಡೆಯುವವರು ಯಾವ ದಾರಿಯನ್ನೂ ತುಳಿಯುವಂತಿರಲಿಲ್ಲ, ಏಕೆಂದರೆ ದಾರಿ ಎಂಬುದು ಅದನ್ನು ಸವೆಸಿದ ಕಾಲುಗಳ ಸೊತ್ತು. ಅಡ್ಡ ಬಂದ ಕಾಲುದಾರಿಗೆ ಸೊಪ್ಪು ಹರಡಿ ಅದರ ಮೇಲೆ ದಾಟಬೇಕಿತ್ತು. ಯಾವ ಊರಿನ ನೀರನ್ನೂ ಕುಡಿಯುವಂತಿರಲಿಲ್ಲ. ಹಿಂದೆ ಬರುವವರು ಅವರನ್ನು ಮುಟ್ಟುವಂತಿರಲಿಲ್ಲ, ಅತ್ತ ಹೋಗು ಇತ್ತ ಹೋಗು ಎನ್ನುವಂತೆಯೂ ಇರಲಿಲ್ಲ. ಇನ್ನು ನಡುವೆ ಎಲ್ಲಾದರೂ ಕೂತುಬಿಟ್ಟರೆ, ಕೂತ ನೆಲ ಯಾವ ಊರಿಗೂ ಸಲ್ಲದೆ ಹೋಗುತ್ತಿತ್ತು. ಅಲ್ಲಿ ಯಾರೂ ಗುದ್ದಲಿ ಹಾಕುವಂತಿಲ್ಲ, ಯಾರೂ ಯಾರನ್ನೂ ಬಾರದಿರು ಎನ್ನುವಂತಿಲ್ಲ. ಕೂತವರು ಆ ನೆಲಕ್ಕೇ ಸೇರಿದವರು. ಅವರು ಮತ್ತೆ ಎರಡೂ ಊರಿನ ಹೊಸಿಲು ತುಳಿಯುವಂತಿಲ್ಲ. ಸೋಮಾರಿಗಳನ್ನು ಹೆದರಿಸಲು ಹಿರಿಯರು ಕಟ್ಟಿದ ಕಟ್ಟಳೆ ಅದು. ಅಲ್ಲಿಯವರೆಗೆ ಅದಕ್ಕೆ ಗುರಿಯಾದವರು ಯಾರೂ ಇರಲಿಲ್ಲ.

ನಡೆಯುವುದಕ್ಕೆ ಅವರು ಆರಿಸಿದ್ದು ದುಂಡವ್ವನನ್ನು. ಅವಳು ನೆಲ್ಲಿದೊಡ್ಡಿಯಲ್ಲಿ ಹುಟ್ಟಿ ಕಗ್ಗಲಿಪಾಳ್ಯದ ಗುರುಮಲ್ಲನ ಕೈ ಹಿಡಿದವಳು. ಮನೆಯಲ್ಲಿ ಅತ್ತೆ, ಸಣ್ಣಿ ಎಂಬ ಮಗಳು. ತವರಿನಲ್ಲಿ ತಾಯಿ, ರಾಚ ಎಂಬ ತಮ್ಮ. ಕಾಲಿಗೆ ಚಕ್ರ ಕಟ್ಟಿಕೊಂಡ ಹೆಂಗಸು ಎಂದು ಹೆಸರಾದವಳು. ‘ನನ್ನ ಸೊಸ ಕೂತದ್ದ ಕಂಡವ್ರಿದ್ರ ಹೇಳಿ, ಒಂದು ಸೇರು ರಾಗಿ ಕೊಟ್ಟೇನು’ ಎಂದು ಅತ್ತೆ ನೆರೆಯವರ ಮುಂದೆ ಆಡಿಕೊಂಡು ನಗುತ್ತಿದ್ದಳಂತೆ. ಕಾಡು ಬಲ್ಲವಳು, ಕತ್ತು ಗಟ್ಟಿಯಿದ್ದವಳು. ಅದಕ್ಕಿಂತ ಹೆಚ್ಚಾಗಿ, ಎರಡೂ ಊರಿನ ಅನ್ನ ಉಂಡವಳು ಯಾವ ಊರಿಗೂ ವಾಲುವುದಿಲ್ಲ ಎಂದು ಹಿರಿಯರು ಲೆಕ್ಕ ಹಾಕಿದರು. ಮೀಸೆ ನರೆತವರೇ ಕೂತು ಹಾಕಿದ ಲೆಕ್ಕ, ಆದರೂ ತಪ್ಪಿತು. ಎರಡು ಕಡೆಯ ಋಣವಿದ್ದವಳು ಎರಡು ಕಡೆಗೂ ವಾಲುತ್ತಾಳೆ ಎಂಬುದು ಅವರ ಮನೆಯ ಹೆಂಗಸರಲ್ಲಿ ಯಾರನ್ನು ಕೇಳಿದ್ದರೂ ಗೊತ್ತಾಗುತ್ತಿತ್ತು. ಯಾರೂ ಕೇಳಲಿಲ್ಲ.

ಹದ್ದುಗಲ್ಲಿನ ಮೇಲೆ ತಲೆಗೆ ಸಿಂಬಿಯಿಟ್ಟು ಮಂಕರಿ ಏರಿಸಿದಾಗ ದುಂಡವ್ವನಿಗೆ ಮೊದಲು ಅನ್ನಿಸಿದ್ದು, ಇದೇನು ಮಹಾ ಭಾರ ಎಂದು. ಬಿಸಿಲು ಇನ್ನೂ ಎಳೆಯದು. ಮುಖ ಪಡುವಣಕ್ಕೆ. ಬಲಗೈಗೆ ತವರು, ಎಡಗೈಗೆ ಗಂಡನ ಊರು. ದೊಣೆ ಬಲಗೈಗೆ ಬೀಳುವಂತೆ ನಡೆದರೆ ನೀರು ನೆಲ್ಲಿದೊಡ್ಡಿಗೆ, ಎಡಗೈಗೆ ಬಿಟ್ಟು ನಡೆದರೆ ಕಗ್ಗಲಿಪಾಳ್ಯಕ್ಕೆ. ಲೋಕದಲ್ಲಿ ಇದಕ್ಕಿಂತ ಸುಲಭದ ಮಾತುಂಟೇ ಎಂದು ತನಗೆ ತಾನೇ ಹೇಳಿಕೊಂಡು ಅವಳು ಮೊದಲ ಇಳಿಜಾರಿಗೆ ಕಾಲಿಟ್ಟಳು. ಹಿಂದೆ ಎರಡೂ ಊರಿನ ಹಿರಿಯರು, ಅವರಿಗಿಂತ ಮುಂದೆ, ಅವಳ ಬೆನ್ನಿಗೆ ಹತ್ತಿರ, ಒಂದು ಕಡೆ ತಮ್ಮ ರಾಚ, ಇನ್ನೊಂದು ಕಡೆ ಗಂಡ ಗುರುಮಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಹಿಂದಿನ ವರ್ಷ ಒಂದೇ ಎಲೆಯಲ್ಲಿ ಉಂಡವರು.

ಆ ಕಾಡಿನಲ್ಲಿ ದಾರಿ ಬಿಟ್ಟು ನಡೆಯುವುದು ಹೇಳಿದಷ್ಟು ಸುಲಭವಲ್ಲ. ಮೊದಲ ಶಿಖರ ಇಳಿಯುವಷ್ಟರಲ್ಲಿ ಕಾರೆಮುಳ್ಳು ಅವಳ ಸೀರೆಯ ಅಂಚನ್ನು ಪಟ್ಟಿ ಪಟ್ಟಿಯಾಗಿ ಸೀಳಿತ್ತು. ಒಣಗಿ ಒರಗಿದ ಬಿದಿರು ಮೆಳೆಗಳ ಕೆಳಗೆ ತಲೆ ಬಗ್ಗಿಸಿದರೆ ಮಂಕರಿ ಉರುಳುತ್ತದೆ, ಬಗ್ಗಿಸದಿದ್ದರೆ ಬಿದಿರು ಹಣೆಗೆ ಬಡಿಯುತ್ತದೆ. ಅವಳು ಮಂಡಿ ಮಡಿಸಿ, ಕತ್ತು ನೆಟ್ಟಗಿಟ್ಟು, ಪಕ್ಕಕ್ಕೆ ಪಕ್ಕಕ್ಕೆ ಜರುಗಿ ನುಸುಳಬೇಕಾಯಿತು. ತರಗೆಲೆಯ ಮೇಲೆ ಕಾಲು ಜಾರುತ್ತಿತ್ತು. ಹತ್ತಿದ್ದಾಯಿತು ಎನ್ನುವಷ್ಟರಲ್ಲಿ ಮರಗಳ ಸಂದಿಯಿಂದ ಇನ್ನೊಂದು ನೆತ್ತಿ ಇಣುಕುತ್ತಿತ್ತು. ದಿಂಡಿಗದ ಮರ, ಹೊನ್ನೆಯ ಮರ, ಮತ್ತೆ ದಿಂಡಿಗ, ಮತ್ತೆ ಬಂಡೆ. ಮುಟ್ಟಿದ ಶಿಖರದಲ್ಲಿ ಉಸಿರು ತೆಗೆದುಕೊಳ್ಳಲೂ ಅವಳ ಕಾಲು ನಿಲ್ಲಲೊಲ್ಲದು. ನಿಂತರೆ ಯೋಚನೆ ಹಿಡಿಯುತ್ತದೆ ಎಂದು ಅವಳಿಗೆ ಭಯ.

ಯೋಚನೆ ಹೇಗೂ ಹಿಂದೆಯೇ ಬರುತ್ತಿತ್ತು. ದಾರಿಯ ಮಾತು ಆಡಬಾರದೆಂದು ಕಟ್ಟಳೆ, ಬೇರೆ ಮಾತಿಗೆ ಅಡ್ಡಿಯಿರಲಿಲ್ಲವಲ್ಲ. ‘ಅಕ್ಕ, ಅವ್ವ ಈಗೀಗ ಬಾಯಾರಿಕೆ ಅಂತ ಕೂಗ್ತಾ ಎದ್ದು ಕೂತ್ಕತ್ತದ’ ಎಂದ ರಾಚ, ಯಾರಿಗೋ ಹೇಳುವವನಂತೆ. ಸ್ವಲ್ಪ ಹೊತ್ತು ಬಿಟ್ಟು ಗುರುಮಲ್ಲ, ‘ಸಣ್ಣಿ ತುಟಿ ಒಡ್ದೋಗದ, ನೆನ್ನ ನಾನೇ ಬೆಣ್ಣ ಸವರ್ದಿ’ ಎಂದ. ಕರು ಹಾಕಿದ ಕೆಂದ ಹಸುವಿನ ಸುದ್ದಿ ತೆಗೆದ ರಾಚ, ಅದಕ್ಕೆ ಹಾಲಿಲ್ಲ. ಗುರುಮಲ್ಲ ಒಣಗುತ್ತಿರುವ ಪೈರಿನ ಸುದ್ದಿ ತೆಗೆದ. ಒಬ್ಬೊಬ್ಬರ ಮಾತಿಗೂ ಅವಳ ಕಾಲು ತನಗೆ ತಿಳಿಯದಂತೆ ಒಂದು ಮೊಳ ಬಲಕ್ಕೆ, ಒಂದು ಮೊಳ ಎಡಕ್ಕೆ ಹೊರಳುತ್ತಿತ್ತು. ಆ ಗೆರೆಯನ್ನೇ ನಂಬಿ ಹಿಂದಿನವರು ಕಲ್ಲು ಒಟ್ಟಿದರು. ಈಗಲೂ ಆ ಬೆಟ್ಟಗಳ ಮೇಲಿನ ಗಡಿಕಲ್ಲುಗಳು ಕುಡಿದವನು ನಡೆದಂತೆ ಡೊಂಕುಡೊಂಕಾಗಿ ಹೋಗಿರುವುದಕ್ಕೆ ಇದೇ ಕಾರಣ ಎನ್ನುತ್ತಾರೆ. ಸರ್ವೆಗೆ ಬಂದವರು ಇದಾವ ಬುದ್ಧಿಗೇಡಿ ಹಾಕಿದ ಎಲ್ಲೆ ಎಂದು ಹಣೆ ಚಚ್ಚಿಕೊಂಡದ್ದೂ ಉಂಟು.

ನಡುಹಗಲು ಏರುವ ಹೊತ್ತಿಗೆ ಒಂದು ಕಣಿವೆಯಲ್ಲಿ ಆನೆಗಳು ಓಡಾಡಿ ಮಾಡಿದ ಅಗಲವಾದ ಹಾದಿ ಅಡ್ಡ ಬಂತು. ಲದ್ದಿ ಇನ್ನೂ ಹಸಿ. ಆನೆಯ ದಾರಿಯನ್ನು ದಾರಿ ಎನ್ನಬೇಕೋ ಬೇಡವೋ ಎಂದು ಹಿರಿಯರಲ್ಲಿ ಜಗಳ ಹುಟ್ಟಿತು. ಕಾಲು ಸವೆಸಿದ ಮೇಲೆ ದಾರಿಯೇ, ಸೊಪ್ಪು ಹಾಕಿ ಎಂದರು ನೆಲ್ಲಿದೊಡ್ಡಿಯವರು. ‘ಹಂಗಾದ್ರ ಆನ ಯಾವೂರ್ದು ಕನಪ್ಪ? ನಿಮ್ಮೂರ್ಗ ಕಂದಾಯ ಕಟ್ಟದಾ?’ ಎಂದು ಕಗ್ಗಲಿಪಾಳ್ಯದ ಯಜಮಾನ ಪುಟ್ಟಬಸವ ಸೆಟೆದು ನಿಂತ. ಬಿಸಿಲಿಗೆ ಮಂಕರಿಯ ಮಣ್ಣು ಒಣಗಿ, ಹುಡಿಯಾಗಿ ಹೆಣಿಗೆಯ ಸಂದಿಯಿಂದ ಉದುರಿ ಅವಳ ರೆಪ್ಪೆಯ ಮೇಲೆ ಕೂರುತ್ತಿತ್ತು. ಒರೆಸಲು ಕೈ ಬಿಡುವಂತಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವಳಿಗೆ ಒಮ್ಮೆಲೇ ರೇಗಿಹೋಯಿತು. ಗಂಡನ ಮೇಲೆ, ತಮ್ಮನ ಮೇಲೆ, ನೀರಿನ ಮೇಲೆ, ತನ್ನನ್ನು ಹೆತ್ತ ಊರು ಕೊಂಡ ಊರು ಎರಡರ ಮೇಲೂ. ‘ನೀವು ಆನನೇ ಕರ್ಕಬಂದು ಕೇಳ್ಕಳಿ, ನಾ ಹೋಯ್ತಿನಿ’ ಎಂದವಳೇ ಲದ್ದಿಯ ಮೇಲೆಯೇ ಕಾಲಿಟ್ಟು ದಾಟಿಬಿಟ್ಟಳು. ಲದ್ದಿ ಸೊಪ್ಪಿಗೆ ಸಮ ಎಂದು ಹಿರಿಯರು ಒಪ್ಪಿಕೊಳ್ಳಬೇಕಾಯಿತು.

ಜೇನುಮಂಟಿಯ ಏರು ಎಲ್ಲಕ್ಕಿಂತ ಕಡಿದು. ಬೇರು ಹಿಡಿಯಲು ಒಂದು ಕೈ, ಮಂಕರಿಗೆ ಒಂದು ಕೈ. ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ರಾಚನೂ ಗುರುಮಲ್ಲನೂ ಈಗ ಮಾತು ನಿಲ್ಲಿಸಿದ್ದರು, ಅವರಿಗೂ ಉಸಿರಿರಲಿಲ್ಲ. ಒಮ್ಮೆ ಅವಳ ಕಾಲ ಕೆಳಗಿನ ಕಲ್ಲು ಕಿತ್ತು ಉರುಳಿದಾಗ ಇಬ್ಬರೂ ಒಟ್ಟಿಗೇ ಕೈ ಚಾಚಿದರು, ಮುಟ್ಟಬಾರದೆಂಬುದು ನೆನಪಾಗಿ ಇಬ್ಬರೂ ಒಟ್ಟಿಗೇ ಹಿಂದೆಳೆದುಕೊಂಡರು. ಅವಳು ಬೀಳಲಿಲ್ಲ. ಆದರೆ ತಿರುಗಿ ನೋಡದೆಯೂ ಅವಳಿಗೆ ಅದು ಗೊತ್ತಾಯಿತು. ಅಷ್ಟು ಹೊತ್ತಿನ ಸಿಟ್ಟು ಇಳಿದು ಅದರ ಜಾಗದಲ್ಲಿ ಅಳು ಬಂದು ನಿಂತಿತು.

ಜೇನುಮಂಟಿಯ ನೆತ್ತಿಯಲ್ಲಿ ಮರಗಳಿಲ್ಲ. ಅಲ್ಲಿಗೆ ಬಂದವಳಿಗೆ ಮುಂದಿನದೆಲ್ಲ ಒಂದೇ ನೋಟಕ್ಕೆ ಕಂಡಿತು. ಎದುರಿಗೆ ಆಗಿನ್ನೂ ಹೆಸರಿಲ್ಲದ ಗಿಡ್ಡ ಗುಡ್ಡ, ಅದರಾಚೆ ಬಿಳಿಕಲ್ಲು, ಬಿಳಿಕಲ್ಲಿಗೆ ತಾಗುವಂತೆ ಇಳಿಯುತ್ತಿದ್ದ ಸೂರ್ಯ. ಕೆಳಗಿನ ತಗ್ಗಿನಲ್ಲಿ ಅತ್ತಿಮರ. ಬಲಕ್ಕೆ ತಿರುಗಿದರೆ ಇಳಿಜಾರಿನ ಮರಗಳ ಸಂದಿಯಲ್ಲಿ ಏನೋ ಥಳಕು. ಎಡಕ್ಕೆ ತಿರುಗಿದರೂ ಅಂಥದೇ ಥಳಕು. ಮಚ್ಚು, ಕೊಡಲಿ, ಭರ್ಜಿ. ಎರಡೂ ಊರಿನ ಹರೆಯದ ಗಂಡಸರೆಲ್ಲ ಎರಡು ಮಗ್ಗುಲಲ್ಲಿ ಬಂದು ಅಡಗಿ ಕೂತಿದ್ದರು. ಬಲಗಡೆ ಅವಳ ದೊಡ್ಡಪ್ಪನ ಮಕ್ಕಳು, ಎಡಗಡೆ ಅವಳ ಮೈದುನಂದಿರು. ಎಲ್ಲೆ ತಮ್ಮ ಕಡೆ ಬಿದ್ದರೆ ಕಾಯುವುದಕ್ಕೆ, ಬೀಳದಿದ್ದರೆ ಕಿತ್ತುಕೊಳ್ಳುವುದಕ್ಕೆ. ಹಿರಿಯರಿಗೆ ಇದು ಗೊತ್ತಿತ್ತೋ ಇಲ್ಲವೋ ಹೇಳುವವರಿಲ್ಲ. ದುಂಡವ್ವನಿಗೆ ಆಗ ಸ್ಪಷ್ಟವಾಯಿತು. ಬೆಳಗಿನಿಂದ ತಾನು ಬಲವೋ ಎಡವೋ ಎಂದು ತಿಣುಕಿದ್ದೆಲ್ಲ ವ್ಯರ್ಥ. ತಾನು ಎಲ್ಲಿ ನಡೆದರೂ ಆ ಗೆರೆಯ ಮೇಲೆ ಕತ್ತಲಾಗುವುದರೊಳಗೆ ತನ್ನವರ ಹೆಣ ಬೀಳುತ್ತದೆ, ಯಾರ ಹೆಣ ಎಂಬುದಷ್ಟೇ ತನ್ನ ಕಾಲಿನ ಕೈಯಲ್ಲಿರುವುದು.

ಇಳಿಯುವಾಗ ಅವಳು ಓಡಿದಳಂತೆ. ತಲೆಯ ಮೇಲೆ ಮಣ್ಣು ಹೊತ್ತವಳು ಆ ಕಡಿದಾದ ಇಳುಕಲಿನಲ್ಲಿ ಓಡಿದ್ದನ್ನು ಕಂಡು ಹಿಂದಿನವರು ಇವಳಿಗೆ ದೆವ್ವ ಮೆಟ್ಟಿತೋ ಎಂದು ಬೆದರಿದರು. ದೊಣೆ ಹತ್ತಿರವಾದಂತೆ ಎರಡೂ ಮಗ್ಗುಲಿನ ಪೊದೆಗಳಿಂದ ಗಂಡಸರು ಒಬ್ಬೊಬ್ಬರಾಗಿ ಎದ್ದು ನಿಂತರು. ಅವಳ ಕಾಲು ದೊಣೆಯ ಬಲಕ್ಕೆ ಹೊರಳುತ್ತದೋ ಎಡಕ್ಕೆ ಹೊರಳುತ್ತದೋ ಎಂದು ಅಷ್ಟೂ ಕಣ್ಣು ಅವಳ ಪಾದದ ಮೇಲೆ. ಅವಳು ಎರಡೂ ಕಡೆ ಹೊರಳಲಿಲ್ಲ. ನೆಟ್ಟಗೆ ಬಂದು, ದೊಣೆಯ ಅಂಚಿನ ಕಲ್ಲಿನ ಮೇಲೆ ನಿಂತು, ಮಂಕರಿಯನ್ನು ತಲೆಯಿಂದ ಇಳಿಸತೊಡಗಿದಳು. ‘ಕೂರ್ಬ್ಯಾಡ ಕನವ್ವ! ಕೂರ್ಬ್ಯಾಡ!’ ಎಂದು ಯಜಮಾನ ಪುಟ್ಟಬಸವ ಮೇಲಿನಿಂದ ಕೂಗಿದ ದನಿ ಬೆಟ್ಟಕ್ಕೆ ಬಡಿದು ಮರಳಿ ಬಂತು. ದುಂಡವ್ವ ಕೂತಳು. ಕಾಲು ನೀಡಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಬೊಗಸೆ ತುಂಬ ನೀರೆತ್ತಿ ಕುಡಿದಳು. ಆ ನೀರು ಆಗ ಯಾವ ಊರಿನದೂ ಆಗಿರಲಿಲ್ಲ.

ಕಾದಾಡೋಣವೆಂದರೆ ಕಾದಾಡಲು ಎಲ್ಲೆಯೇ ಇಲ್ಲ. ಮಚ್ಚು ಹಿಡಿದವರು ಮಚ್ಚನ್ನು ಎಲ್ಲಿಡುವುದೆಂದು ತಿಳಿಯದೆ ಅದರಿಂದ ಬೆನ್ನು ಕೆರೆದುಕೊಂಡರು ಎಂದು ಈಗಲೂ ಹೇಳಿ ನಗುತ್ತಾರೆ. ಗುರುಮಲ್ಲ ಅವಳ ಹತ್ತಿರ ಬಂದು ಕುಕ್ಕರಿಸಿದ. ಹಿಂದೆಯೇ ರಾಚನೂ ಬಂದ. ಆ ದಿನ ಮೊದಲ ಸಲ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಗುರುಮಲ್ಲ ಮೆಲ್ಲಗೆ, ‘ಏಳಮ್ಮಿ, ಯಾರೂ ನೋಡ್ನಿಲ್ಲ’ ಎಂದ. ರಾಚನೂ, ‘ಹೂಂ ಕನಕ್ಕ, ನಮ್ಮೋರೂ ನೋಡ್ನಿಲ್ಲ’ ಎಂದ. ಹಿಂದೆ ನಿಂತ ಹಿರಿಯರೂ ಒಬ್ಬೊಬ್ಬರಾಗಿ, ನಾವೂ ನೋಡಲಿಲ್ಲ, ಎಂದು ಆಚೆ ತಿರುಗಿ ನಿಂತರು. ಆ ಎರಡು ಊರು ವಾದವಿಲ್ಲದೆ ಒಂದು ಮಾತಿಗೆ ಒಪ್ಪಿದ್ದು ಎಷ್ಟೋ ಕಾಲದ ಮೇಲೆ ಅದೇ ಮೊದಲು. ದುಂಡವ್ವನಿಗೆ ಎದ್ದುಬಿಡಬೇಕು ಎನ್ನಿಸಿತು. ಮನೆ ಬೇಕೆನ್ನಿಸಿತು, ಒಲೆ ಬೇಕೆನ್ನಿಸಿತು, ಮಗಳ ಒಡೆದ ತುಟಿಗೆ ತಾನೇ ಬೆಣ್ಣೆ ಸವರಬೇಕು ಎನ್ನಿಸಿತು. ಆದರೂ ಏಳಲಿಲ್ಲ. ‘ನೋಡ್ನಿಲ್ಲ ಅಂದ್ರ ನಾಳಕ್ಕ ಮತ್ತ ಮಚ್ಚು ಹಿಡೀತೀರಿ. ನೋಡಿದ್ದೀವಿ ಅನ್ನಿ. ಎರಡೂರ್ಗೂ ಹೇಳಿ’ ಎಂದಳು.

ಗುರುಮಲ್ಲ ಹೊರಡಲು ಎದ್ದ. ಎದ್ದವನು ಮತ್ತೆ ಕುಕ್ಕರಿಸಿ, ‘ಸಣ್ಣಿಗ ಏನಂತ ಹೇಳ್ಲಿ?’ ಎಂದು ಕೇಳಿದ.

‘ನೀರಿಗ ಕಳ್ಸಿ’ ಎಂದಳು ದುಂಡವ್ವ.

ಅಲ್ಲಿಂದಾಚೆ ಅವಳು ಆ ಅತ್ತಿಮರದ ಬುಡದಲ್ಲೇ ಗುಡಿಸಲು ಕಟ್ಟಿಕೊಂಡು ಬಾಳಿದಳು ಎನ್ನುತ್ತಾರೆ. ಕಾಲುವೆಗಳು ಮುಚ್ಚಿಹೋದವು. ಗುದ್ದಲಿ ಹಾಕುವಂತಿಲ್ಲವಾದ್ದರಿಂದ ತಲೆಯ ಮೇಲೆ ಎಷ್ಟು ಹೊರಬಹುದೋ ಅಷ್ಟೇ ನೀರು ಎರಡೂ ಊರಿಗೆ ದಕ್ಕಿತು, ಅಷ್ಟೇ ಸಾಕಾಯಿತು ಕೂಡ. ಮಾರನೆಯ ದಿನ ಮೊದಲು ಬಂದವಳು ಸಣ್ಣಿಯಂತೆ, ಪುಟ್ಟ ಕೊಡ ಎತ್ತಿಕೊಂಡು, ಅತ್ತು ಕಣ್ಣು ಊದಿಸಿಕೊಂಡು. ಆಮೇಲೆ ಮೈದುನಂದಿರ ಹೆಂಡಿರು ಬಂದರು, ನೆಲ್ಲಿದೊಡ್ಡಿಯಿಂದ ಗೆಳತಿಯರು ಬಂದರು, ರಾಚನ ಬೆನ್ನೇರಿ ತಾಯಿ ಬಂದಳು. ಗುರುಮಲ್ಲ ಸಂಜೆ ಸಂಜೆ ಎಮ್ಮೆಗೆ ನೀರು ಕುಡಿಸುವ ನೆಪ ಹೂಡಿ ಬಂದು, ಎಮ್ಮೆಯನ್ನು ತರಲು ಮರೆತು ಬಂದದ್ದೂ ಉಂಟಂತೆ. ಅವಳು ಯಾರ ಮನೆಗೂ ಹೋಗಲಿಲ್ಲ. ಅವಳಲ್ಲಿಗೆ ಬಾರದೆ ಯಾರ ಮನೆಯ ಒಲೆಯೂ ಉರಿಯಲಿಲ್ಲ.

ಇವತ್ತು ಅಲ್ಲಿಗೆ ಹೋದವರಿಗೆ ಗುಡಿಯಾಗಲಿ ಗೋಪುರವಾಗಲಿ ಕಾಣುವುದಿಲ್ಲ. ಅತ್ತಿಮರ, ದೊಣೆ, ಅದರ ಅಂಚಿಗೆ ಕೂತು ಕೂತು ನುಣುಪಾದ ಚಪ್ಪಡಿ, ಚಪ್ಪಡಿಯ ಮೇಲೆ ಯಾರೋ ಹಚ್ಚಿದ ಅರಿಸಿನ. ಪಟ್ಟಣದವರು ಬಾಟಲಿ ತುಂಬಿಕೊಂಡು ಹೊರಡಲು ಅವಸರ ಮಾಡಿದರೆ, ಸೊಪ್ಪಿಗೆ ಬಂದ ಹೆಂಗಸರು ತಡೆದು, ಬೆನ್ನಿನ ಚೀಲ ಇಳಿಸಿ ಒಂದು ಗಳಿಗೆ ಕೂತು ಹೋಗಿ ಎಂದು ಗದರುತ್ತಾರೆ. ಎರಡೂ ಊರಿನ ಮನೆಮನೆಗೆ ಈಗ ನಲ್ಲಿ ಬಂದಿದೆ, ದೊಣೆಯ ನೀರಿಗೆ ಯಾರೂ ಕಾದಿಲ್ಲ. ಆದರೂ ಹೆಣ್ಣುಮಗು ಕೊಡ ಎತ್ತುವ ವಯಸ್ಸಿಗೆ ಬಂದಾಗ ಒಮ್ಮೆ ಅವಳನ್ನು ಈ ಗುಡ್ಡಕ್ಕೆ ಕಳಿಸುವುದನ್ನು ಇಂದಿಗೂ ಯಾರೂ ತಪ್ಪಿಸುವುದಿಲ್ಲ. ಹಾಗೆ ಕಳಿಸುವಾಗ ನೀರು ತಗೊಂಡು ಬಾ ಎಂದು ಎರಡೂ ಊರಿನಲ್ಲಿ ಯಾರೂ ಹೇಳುವುದಿಲ್ಲ. ‘ಅವ್ವನ್ನ ನೋಡ್ಕಂಡು ಬಾ’ ಎನ್ನುತ್ತಾರೆ.